ಆನ್‌ಲೈನ್ ಸಮಾಜಕಾರ್ಯ ಪದವಿಗೆ ವಾರದಲ್ಲಿ ಎಷ್ಟು ಗಂಟೆ? ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಆನ್‌ಲೈನ್ ಮತ್ತು ದೂರಶಿಕ್ಷಣ ಕ್ರಮದಲ್ಲಿ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ನೀಡುತ್ತಿರುವ ವಿಶ್ವವಿದ್ಯಾಲಯಗಳ ಕುಲಪತಿಗಳಿಗೂ, ಅವುಗಳಿಗೆ ಮನ್ನಣೆ ಕೊಡುವ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಮುಂಬಯಿಯ ಪೂರ್ವ ಉಪನಗರದ ಕೊಳೆಗೇರಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಸಮಾಜಕಾರ್ಯಕರ್ತೆ. ನಿಮ್ಮ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು, ಅಂದರೆ ಓದಿನ ಭಾಗವಾಗಿ ಜನರ ನಡುವೆ ಕೆಲಸ ಕಲಿಯಲೆಂದು, ಬಂದಾಗ ಅವರಿಗೆ ಮೇಲ್ವಿಚಾರಕಿಯಾಗಿ ಕೆಲಸ ಹಂಚಿಕೊಡುವವಳೂ, ಅವರ ವರದಿ ಓದಿ ಸಹಿ ಹಾಕುವವಳೂ ನಾನೇ. ಕನ್ನಡ ಬಲ್ಲವಳೆಂಬ ಕಾರಣಕ್ಕೆ ನನ್ನ ಬಳಿ ಬರುವವರಲ್ಲಿ ಕನ್ನಡದವರೇ ಹೆಚ್ಚು: ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿರುವವರು, ಮಹಾನಗರಪಾಲಿಕೆಯ ಶಾಲೆಯ ಶಿಕ್ಷಕಿಯರು, ಮಕ್ಕಳು ದೊಡ್ಡವರಾದ ಮೇಲೆ ಓದಿಗೆ ಮರಳಿದ ಡೊಂಬಿವಲಿಯ ಗೃಹಿಣಿಯರು. ಇವರ ಓದಿನ ಹೊರೆಯನ್ನು ನೀವು ಲೆಕ್ಕ ಹಾಕಿದ ರೀತಿಯಲ್ಲಿ ಒಂದು ಮೂಲಭೂತ ದೋಷವಿದೆ ಎಂಬುದು ನನ್ನ ದೂರು. ಆ ದೋಷದ ಫಲ ಕೊನೆಗೆ ನನ್ನ ಮೇಜಿನ ಮೇಲೆ ವರದಿಯ ರೂಪದಲ್ಲಿ ಬಂದು ಬೀಳುತ್ತದೆ.

ಅಂಥದ್ದೊಂದು ವರದಿಯಿಂದಲೇ ಆರಂಭಿಸುತ್ತೇನೆ. ಎರಡನೆಯ ಸೆಮಿಸ್ಟರಿನ ಒಬ್ಬ ವಿದ್ಯಾರ್ಥಿನಿ ಅಂಗನವಾಡಿ ಭೇಟಿಯ ವರದಿಯನ್ನು ಬಹಳ ಅಚ್ಚುಕಟ್ಟಾಗಿ ಬರೆದು ತಂದಿದ್ದಳು. ಮಕ್ಕಳು ಸಾಲಾಗಿ ಕೂತು ಖಿಚಡಿ ತಿಂದದ್ದು, ಸೇವಿಕೆಯು ತೂಕದ ಯಂತ್ರದಲ್ಲಿ ಒಂದು ಮಗುವನ್ನು ನಿಲ್ಲಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡದ್ದು, ಆ ಮಗುವಿನ ತಾಯಿಯೊಡನೆ ತಾನು ಆಡಿದ ಮಾತು, ಎಲ್ಲವೂ ಅದರಲ್ಲಿದ್ದವು. ಮೇಲಿನ ಮೂಲೆಯಲ್ಲಿ ಹಾಕಿದ್ದ ತಾರೀಖು ಮಾತ್ರ ಭಾನುವಾರದ್ದು. ಅಂಗನವಾಡಿ ಭಾನುವಾರ ತೆರೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ತಾರೀಖಿನ ಮೇಲೆ ಬೆರಳಿಟ್ಟಾಗ ಆಕೆ ಅಳಲಿಲ್ಲ, ನೆಪವನ್ನೂ ಹೇಳಲಿಲ್ಲ. "ಐತಾರ ಬಿಟ್ರ ನನಗ ಬ್ಯಾರೆ ದಿನ ಎಲ್ಲೈತ್ರಿ ಮೇಡಂ?" ಎಂದಷ್ಟೇ ಕೇಳಿದಳು. ವಿಜಯಪುರದ ಕಡೆಯ ಹುಡುಗಿ. ಅಂಧೇರಿಯ ಒಂದು ಕಚೇರಿಯಲ್ಲಿ ವಾರಕ್ಕೆ ಆರು ದಿನ ಕೆಲಸ. ಆ ವರದಿಗೆ ನಾನು ಸಹಿ ಹಾಕಲಿಲ್ಲ. ಅವಳ ಪ್ರಶ್ನೆಯನ್ನು ಮಾತ್ರ ನಿಮ್ಮ ಮುಂದಿಡುತ್ತಿದ್ದೇನೆ, ಏಕೆಂದರೆ ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಗಂಟೆಗಳ ಲೆಕ್ಕವನ್ನು ನಿಮ್ಮದೇ ನಿಯಮಗಳಿಂದ ಮಾಡೋಣ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಶೈಕ್ಷಣಿಕ ವರ್ಷಕ್ಕೆ 40 ಕ್ರೆಡಿಟ್ (ಓದಿನ ಹೊರೆಯನ್ನು ಅಳೆಯುವ ಮಾನ), ಅಂದರೆ 1200 ಗಂಟೆಗಳ ಕಲಿಕೆ. ಸೆಮಿಸ್ಟರಿಗೆ 20 ಕ್ರೆಡಿಟ್, 600 ಗಂಟೆ. ಪರೀಕ್ಷೆ, ರಜೆ ಕಳೆದು ಪಾಠಕ್ಕೆ 16 ವಾರ ಸಿಕ್ಕಿತೆಂದರೆ ವಾರಕ್ಕೆ 37 ಗಂಟೆಗಿಂತ ಹೆಚ್ಚು. ಈಗ ಮುಂಬಯಿಯ ವಾರವನ್ನು ನೋಡಿ. ಒಟ್ಟು 168 ಗಂಟೆಗಳಲ್ಲಿ ಆರು ದಿನದ ನೌಕರಿಗೆ 48, ಬದಲಾಪುರದಿಂದಲೋ ವಿರಾರಿನಿಂದಲೋ ಹೋಗಿಬರಲು ದಿನಕ್ಕೆ ಮೂರು ಗಂಟೆಯಂತೆ 18, ದಿನಕ್ಕೆ ಏಳು ಗಂಟೆ ನಿದ್ದೆಗೆ 49. ಉಳಿಯುವುದು 53. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 88 ನಿಮಿಷ. ಹೆಂಗಸರ ಆ ಸರಾಸರಿ ವಾರಕ್ಕೆ ಸುಮಾರು 34 ಗಂಟೆಯಾಗುತ್ತದೆ. ಅದನ್ನು ಕಳೆದರೆ ಓದಿಗೆ 19 ಗಂಟೆ. ದುಡಿಯಲು ಹೊರಗೆ ಹೋಗುವವಳ ಮನೆಗೆಲಸ ಸರಾಸರಿಗಿಂತ ಒಂದಿಷ್ಟು ಕಡಿಮೆಯೇ ಇದ್ದೀತು ಎಂದು ಅದರ ಮೂರರಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟರೂ ಓದಿಗೆ ಸಿಗುವುದು 31 ಗಂಟೆ ದಾಟುವುದಿಲ್ಲ. ಅದರಲ್ಲೇ ಊಟ, ಸ್ನಾನ, ಜ್ವರ ಬಂದ ಮಗು, ಊರಿನಿಂದ ಬಂದ ನೆಂಟರು.

ನಿಮ್ಮ ಜಾಹೀರಾತುಗಳಲ್ಲಿ "ಕೆಲಸ ಬಿಡದೆ ಪದವಿ ಪಡೆಯಿರಿ" ಎಂದಿರುತ್ತದೆ. ಪಠ್ಯಕ್ರಮವಾದರೋ ಪೂರ್ಣಾವಧಿ ವಿದ್ಯಾರ್ಥಿಗೆ ಬರೆದದ್ದು. ಪದವಿಯನ್ನು ಕೆಲಸದಲ್ಲಿರುವವರಿಗೆ ಮಾರಿ, ಪಠ್ಯಕ್ರಮವನ್ನು ಕೆಲಸವಿಲ್ಲದವರಿಗೆಂದು ರೂಪಿಸಿದಾಗ ನಡುವಿನ ಅಂತರವನ್ನು ವಿದ್ಯಾರ್ಥಿ ತನ್ನ ನಿದ್ದೆಯಿಂದ ತುಂಬುತ್ತಾಳೆ, ಇಲ್ಲವೇ ಕಟ್ಟುಕತೆಯಿಂದ ತುಂಬುತ್ತಾಳೆ.

ಈ ಹೊರೆ ಎಲ್ಲಿಂದ ಬರುತ್ತದೆಂಬುದನ್ನೂ ಹೇಳಬೇಕು. ಆನ್‌ಲೈನ್ ಕಾರ್ಯಕ್ರಮಕ್ಕೆ ವೀಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆ, ಮೌಲ್ಯಮಾಪನ ಎಂಬ ನಾಲ್ಕು ಅಂಗಗಳಿರಬೇಕೆಂದು ಆಯೋಗ ಹೇಳುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಒಂದೊಂದು ಪತ್ರಿಕೆಯ ಅಧ್ಯಾಪಕರು ಒಂದೊಂದು ಅಂಗವನ್ನು ತಮ್ಮಷ್ಟಕ್ಕೆ ತುಂಬಿ ಕೈತೊಳೆದುಕೊಳ್ಳುತ್ತಾರೆ. ಐದು ಪತ್ರಿಕೆಗಳೆಂದರೆ ಐದು ಜನರ ವೀಡಿಯೊ, ಐದು ಜನರ ಕ್ವಿಜ್, ಐದು ಚರ್ಚೆಗಳಲ್ಲಿ ಕಡ್ಡಾಯ ಪ್ರತಿಕ್ರಿಯೆ. ಇವನ್ನೆಲ್ಲ ಕೂಡಿಸಿ, ಒಬ್ಬ ವಿದ್ಯಾರ್ಥಿಯ ಒಂದು ವಾರದಲ್ಲಿ ಎಷ್ಟಾಯಿತೆಂದು ನೋಡುವ ಕೆಲಸ ಯಾರ ಹೊಣೆಯೂ ಅಲ್ಲ. ಒಬ್ಬ ವಿದ್ಯಾರ್ಥಿನಿ ತೋರಿಸಿದ ಮೊಬೈಲ್ ಪರದೆಯಲ್ಲಿ ನಾಲ್ಕು ಪತ್ರಿಕೆಗಳ ಅಸೈನ್‌ಮೆಂಟ್‌ಗಳಿಗೆ ಒಂದೇ ಕೊನೆಯ ದಿನವಿತ್ತು, ತಿಂಗಳ ಕೊನೆಯ ದಿನ, ರಾತ್ರಿ 11.59. ಅದೇ ದಿನ ಅವಳ ಕಚೇರಿಯಲ್ಲಿ ಲೆಕ್ಕ ಮುಗಿಸುವ ದಿನ. ದುಡಿಯುವವರಿಗೆ ತಿಂಗಳ ಕೊನೆ ಎಂದರೇನೆಂದು ತಿಳಿದವರು ಆ ತಾರೀಖನ್ನು ಆರಿಸುತ್ತಿರಲಿಲ್ಲ.

ಇನ್ನೊಂದು ಹೊರೆ ನಿಮ್ಮ ಕಣ್ಣಿಗೆ ಬೀಳುವಂಥದ್ದೇ ಅಲ್ಲ. ಜನರೊಡನೆ ಮಾತುಕತೆ ನಡೆಯುವುದು ಕನ್ನಡದಲ್ಲಿ, ಮರಾಠಿಯಲ್ಲಿ, ದಖ್ಖನಿಯಲ್ಲಿ. ದಾಖಲೆ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಅರ್ಧ ಗಂಟೆಯ ಸಂದರ್ಶನವನ್ನು ಮಾತಿಗೆ ಮಾತು ಬರೆದಿಡುವ ಪದ್ಧತಿ ನಮ್ಮ ವಿದ್ಯೆಯಲ್ಲಿದೆ, ಅದು ಬೇಕು ಕೂಡ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅದೊಂದೇ ಒಂದು ಸಂಜೆಯನ್ನು ನುಂಗುತ್ತದೆ. ಕೆಲವು ಕಡೆ ಅಸೈನ್‌ಮೆಂಟನ್ನು ಕೈಬರಹದಲ್ಲೇ ಬರೆಯಬೇಕೆಂಬ ಕಟ್ಟಳೆಯೂ ಇದೆ. ಆನ್‌ಲೈನ್ ಎಂದು ಹೆಸರಿಟ್ಟುಕೊಂಡು ಹಾಳೆ ಹಾಳೆ ಕೈಯಲ್ಲಿ ಬರೆಸಿ ಸ್ಕ್ಯಾನ್ ಮಾಡಿಸಿಕೊಳ್ಳುವುದರ ತರ್ಕ ನನಗಂತೂ ಹೊಳೆದಿಲ್ಲ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದಾದ ಮಾತು ಒಂದಿದೆ: ಸ್ನಾತಕೋತ್ತರ ಪದವಿ ಕಷ್ಟವೆಂದು ತಿಳಿದೇ ಸೇರಿದ್ದಾರಲ್ಲ, ಈಗ ಹಗುರ ಮಾಡಿ ಎಂದರೆ ಹೇಗೆ? ಹಗುರ ಮಾಡಿ ಎಂದು ನಾನು ಕೇಳುತ್ತಿಲ್ಲ. ವಿದ್ಯಾರ್ಥಿಗಳದ್ದು ತಪ್ಪೇ ಇಲ್ಲವೆಂದೂ ವಾದಿಸುತ್ತಿಲ್ಲ. ನಾಲ್ಕು ತಿಂಗಳು ಪೋರ್ಟಲ್ ತೆರೆಯದೆ ಕೊನೆಯ ವಾರದಲ್ಲಿ ವಾಟ್ಸಾಪ್‌ನಲ್ಲಿ ಮಾರಾಟಕ್ಕಿರುವ ಸಿದ್ಧ ಅಸೈನ್‌ಮೆಂಟ್ ಕೊಂಡು ಸಲ್ಲಿಸುವವರನ್ನು ನಾನು ಕಂಡಿದ್ದೇನೆ, ಅವರ ಪರ ವಕಾಲತ್ತು ವಹಿಸಲಾರೆ. ನಾನು ಹೇಳುತ್ತಿರುವುದು ಪ್ರಾಮಾಣಿಕವಾಗಿ ಕಲಿಯಬೇಕೆಂದು ಬಂದವರ ಬಗ್ಗೆ. ಅವರನ್ನು ಅಪ್ರಾಮಾಣಿಕತೆಗೆ ದೂಡುವ ವೇಳಾಪಟ್ಟಿ ಕಠಿಣ ವೇಳಾಪಟ್ಟಿಯಲ್ಲ, ಕೆಟ್ಟ ವೇಳಾಪಟ್ಟಿ.

ಅದರಲ್ಲೂ ಕ್ಷೇತ್ರಕಾರ್ಯದ ಪ್ರಶ್ನೆ. ಭಾರತದಲ್ಲಿ ಸಮಾಜಕಾರ್ಯದ ಔಪಚಾರಿಕ ಶಿಕ್ಷಣ ಹುಟ್ಟಿದ್ದು ಇದೇ ಮುಂಬಯಿಯಲ್ಲಿ. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಶಾಲೆ ಆರಂಭವಾಯಿತು. ಮುಂದೆ ಅದೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಗಿ ದೇವನಾರಿಗೆ ಹೋಯಿತು. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ಅದಕ್ಕೂ ಮೊದಲು ನಾಗಪಾಡಾದ ಬಡ ಕಾರ್ಮಿಕರ ನಡುವೆ ನೆರೆಹೊರೆ ಕೇಂದ್ರವೊಂದನ್ನು ನಡೆಸುತ್ತಿದ್ದವರು. ಗಲ್ಲಿಯ ಕೆಲಸ ಮೊದಲು ಬಂತು, ತರಗತಿ ಅದರ ಬೆನ್ನಿಗೆ ಬಂತು. ಅಂದಿನಿಂದ ನಮ್ಮ ಕಾಲೇಜುಗಳಲ್ಲಿ ವಾರಕ್ಕೆ ಎರಡು ದಿನ, ಸಾಮಾನ್ಯವಾಗಿ 15 ಗಂಟೆ ಕ್ಷೇತ್ರಕಾರ್ಯ ಎಂಬ ಪದ್ಧತಿ ನಡೆದುಬಂದಿದೆ. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿ ಪದವಿಗೆ 400, ಸ್ನಾತಕೋತ್ತರಕ್ಕೆ 900 ಗಂಟೆಗಳ ಕ್ಷೇತ್ರಕಾರ್ಯವನ್ನು ಕಡ್ಡಾಯ ಮಾಡಿದೆ, ತರಗತಿ ಆನ್‌ಲೈನ್ ಆಗಿದ್ದರೂ. ಎರಡು ವರ್ಷಗಳ ಅಷ್ಟೂ ಭಾನುವಾರಗಳನ್ನು, ದೀಪಾವಳಿ ಗಣೇಶೋತ್ಸವ ಸೇರಿಸಿ, ದಿನಕ್ಕೆ ಎಂಟು ಗಂಟೆಯಂತೆ ಕೊಟ್ಟರೂ 832 ಗಂಟೆಯಾಗುತ್ತದೆಯೇ ಹೊರತು 900 ಆಗುವುದಿಲ್ಲ. ಅಷ್ಟೇ ಅಲ್ಲ, ಭಾನುವಾರ ಅಂಗನವಾಡಿ ಮುಚ್ಚಿರುತ್ತದೆ, ಶಾಲೆ ಮುಚ್ಚಿರುತ್ತದೆ, ವಾರ್ಡ್ ಕಚೇರಿ, ರೇಷನ್ ಕಚೇರಿ, ನ್ಯಾಯಾಲಯ ಎಲ್ಲವೂ ಮುಚ್ಚಿರುತ್ತವೆ. ವಿದ್ಯಾರ್ಥಿಗೆ ಬಿಡುವಿರುವ ಒಂದೇ ದಿನ ಸಂಸ್ಥೆಗಳಿಗೂ ಬಿಡುವಿನ ದಿನ.

ಹಾಗಾದರೆ ದುಡಿಯುವವರು ಸಮಾಜಕಾರ್ಯ ಓದಲೇಬಾರದೇ ಎಂದರೆ, ಖಂಡಿತ ಓದಬಹುದು. ಈ ಊರಿನಲ್ಲೇ ಅದಕ್ಕೆ ಮೇಲ್ಪಂಕ್ತಿಯಿದೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಕೋಟೆ ವಿಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೆಟ್ರಿಕ್ ಮಾಡಿದರು, ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ಲೇಖಕರಾದರು. ಆ ಶಾಲೆಗಳು ಪಾಠವನ್ನು ತೆಳುಮಾಡಲಿಲ್ಲ. ಹುಡುಗರಿಗೆ ಕೆಲಸದಿಂದ ಬಿಡುವು ಸಿಗುವುದು ಯಾವಾಗ ಎಂದು ಕೇಳಿಕೊಂಡು ಗಂಟೆ ಬಾರಿಸಿದವು. ನಿಮ್ಮ ಬಳಿ ಪೋರ್ಟಲ್ ಇದೆ, ಸರ್ವರ್ ಇದೆ, ಪ್ರತಿ ವಿದ್ಯಾರ್ಥಿಯ ವಿವರವಿದೆ. ಆದರೂ ಪ್ರವೇಶ ಅರ್ಜಿಯಲ್ಲಿ "ನೀವು ಯಾವ ವೇಳೆಗೆ ಕೆಲಸ ಮಾಡುತ್ತೀರಿ" ಎಂಬ ಒಂದು ಅಂಕಣವನ್ನು ನಾನು ಈವರೆಗೆ ಕಂಡಿಲ್ಲ.

ಆ ಅಂಕಣವಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನನ್ನದೇ ಕೆಲಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಮುಂಬಯಿ, ಠಾಣೆ, ನವಿ ಮುಂಬಯಿಯ ಕೂಲಿ ನಾಕಾಗಳಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಕೂಡುರಸ್ತೆಗಳಲ್ಲಿ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಜನ ನಿಂತಿರುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಗಾರೆ ಕೆಲಸದವರು, ಹೆಂಡತಿ ಮಕ್ಕಳ ಸಮೇತ, ಬುಟ್ಟಿ ಸಲಿಕೆ ಹಿಡಿದುಕೊಂಡು. ಒಂಬತ್ತೂವರೆಯ ಹೊತ್ತಿಗೆ ನಾಕಾ ಬರಿದಾಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ನಾಕಾದ ಕೂಲಿಗೆ ದಿನಕ್ಕೊಬ್ಬ ಮಾಲೀಕ. ಇಂದು ಕರೆದವನ ಮುಖ ನಾಳೆ ಕಾಣುವುದಿಲ್ಲ. ಸಹಿ ಹಾಕುವವರು ಯಾರು? ಆ ಒಂದು ಸಹಿಗಾಗಿ ಅಲೆದು, ಅರ್ಜಿ ತುಂಬಿ, ಮಗಳ ಶಾಲೆಯ ಸಹಾಯಧನದವರೆಗೆ ಒಬ್ಬ ಕೂಲಿಯ ಜೊತೆ ನಿಂತ ವಿದ್ಯಾರ್ಥಿ ಕೇಸ್‌ವರ್ಕ್ (ಒಬ್ಬೊಬ್ಬ ವ್ಯಕ್ತಿಯ ಜೊತೆ ನಿಂತು ಮಾಡುವ ಸಮಾಜಕಾರ್ಯ) ಎಂದರೇನೆಂಬುದನ್ನು ಯಾವ ವೀಡಿಯೊ ಪಾಠಕ್ಕಿಂತಲೂ ಚೆನ್ನಾಗಿ ಕಲಿಯುತ್ತಾನೆ. ನನ್ನ ಬಳಿ ಬಂದಿದ್ದ, ಹೋಟೆಲಿನ ಗಲ್ಲೆಯಲ್ಲಿ ಕೂರುವ ಹುಡುಗನೊಬ್ಬ ಹೀಗೆಯೇ ಕಲಿತ. ಅವನ ಪಾಳಿ ಶುರುವಾಗುತ್ತಿದ್ದದ್ದು ಹನ್ನೊಂದಕ್ಕೆ. ವಾರದಲ್ಲಿ ನಾಲ್ಕು ಬೆಳಿಗ್ಗೆ ನಾಕಾಕ್ಕೆ ಬಂದು, ತಾನೂ ಕನ್ನಡದವನೇ ಆದ್ದರಿಂದ ಅವರ ನಡುವೆ ಸಲೀಸಾಗಿ ಕೂತು, ಚಹಾ ಕುಡಿಯುತ್ತಲೇ ಅರ್ಜಿ ಬರೆದುಕೊಟ್ಟ. ಅವನ ವರದಿಗಳಲ್ಲಿ ಭಾಷೆ ಒರಟಾಗಿತ್ತು, ಒಂದು ಸುಳ್ಳೂ ಇರಲಿಲ್ಲ.

ಆದರೆ ಅವನ ವಿಶ್ವವಿದ್ಯಾಲಯ ಆ ಗಂಟೆಗಳನ್ನು ಮೊದಲು ಒಪ್ಪಲಿಲ್ಲ. ಕ್ಷೇತ್ರಕಾರ್ಯವೆಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಪೂರ್ಣ ದಿನವೇ ಆಗಬೇಕೆಂದು ನಮೂನೆಯಲ್ಲಿದೆ ಎಂದು ಹೇಳಿದರು. ಎರಡೆರಡು ಗಂಟೆಯನ್ನು ಕೂಡಿಸಿ ತೋರಿಸಲು ನಾನು ಮೂರು ಪತ್ರ ಬರೆಯಬೇಕಾಯಿತು.

ಹತ್ತರಿಂದ ಐದರೊಳಗೆ ನಡೆಯದ ಸಮಾಜಕಾರ್ಯ ಈ ನಗರದಲ್ಲಿ ಎಷ್ಟಿದೆ! ಹೆಂಗಸರ ಬಚತ್ ಗಟ್ (ಸ್ವಸಹಾಯ ಉಳಿತಾಯ ಗುಂಪು) ಸಭೆಗಳು ರಾತ್ರಿ ಎಂಟರ ಮೇಲೆ, ಅಡುಗೆ ಮುಗಿದ ಬಳಿಕ ನಡೆಯುತ್ತವೆ. ನಿರಾಶ್ರಿತರ ತಂಗುದಾಣ ರಾತ್ರಿಯೇ ತುಂಬುವುದು. ದೊಡ್ಡ ರೈಲು ನಿಲ್ದಾಣಗಳ ಮಕ್ಕಳ ಸಹಾಯ ಕೇಂದ್ರಕ್ಕೆ ಹಗಲು ರಾತ್ರಿ ಎಂಬುದಿಲ್ಲ. ಕುಡಿತ ಬಿಟ್ಟವರ ಗುಂಪುಗಳು ಸಂಜೆ ಸೇರುತ್ತವೆ. ಪ್ರತಿ ಅಧ್ಯಯನ ಕೇಂದ್ರವೂ ತನ್ನ ಸುತ್ತಲಿನ ಇಂಥ ಜಾಗಗಳ ಪಟ್ಟಿಯನ್ನು ವೇಳೆಯೊಂದಿಗೆ ಮಾಡಿಟ್ಟುಕೊಂಡು, ವಿದ್ಯಾರ್ಥಿಯ ಪಾಳಿಗೆ ಹೊಂದುವ ಜಾಗಕ್ಕೆ ಕಳಿಸಿದರೆ, ಅರ್ಧ ಸಮಸ್ಯೆ ಪ್ರವೇಶದ ತಿಂಗಳಲ್ಲೇ ಬಗೆಹರಿಯುತ್ತದೆ. ಈಗ ನಡೆಯುತ್ತಿರುವುದು ಬೇರೆ: "ನಿಮ್ಮ ಹತ್ತಿರದ ಯಾವುದಾದರೂ ಸಂಸ್ಥೆಯನ್ನು ನೀವೇ ಹುಡುಕಿಕೊಳ್ಳಿ" ಎಂಬ ಒಂದು ಸಾಲು. ಹುಡುಕುವುದರಲ್ಲೇ ಸೆಮಿಸ್ಟರಿನ ಮೊದಲ ತಿಂಗಳು ಹೋಗುತ್ತದೆ, ಕೊನೆಗೆ ಸಿಗುವುದು ಸಹಿ ಹಾಕಿಕೊಡಲು ಒಪ್ಪುವ ಸಂಸ್ಥೆ.

ಈಗಾಗಲೇ ಸಂಸ್ಥೆಗಳಲ್ಲಿ ದುಡಿಯುತ್ತಿರುವ ವಿದ್ಯಾರ್ಥಿಗಳ ವಿಷಯದಲ್ಲೂ ನಿಯಮ ಸಡಿಲಬೇಕು. ಹಗಲೆಲ್ಲ ಆಪ್ತಸಮಾಲೋಚನಾ ಕೇಂದ್ರದಲ್ಲಿ ಕೆಲಸ ಮಾಡುವವಳನ್ನು, ಅದು ಸಂಬಳದ ಕೆಲಸವೆಂಬ ಒಂದೇ ಕಾರಣಕ್ಕೆ, ಬೇರೆಡೆ ಮತ್ತೆ ಅದೇ ಕೆಲಸ ಮಾಡಿಕೊಂಡು ಬಾ ಎಂದು ಕಳಿಸುವುದರಿಂದ ಯಾರಿಗೆ ಲಾಭ? ಅಮೆರಿಕದ ಮಂಡಳಿ 2022ರ ತನ್ನ ಮಾನದಂಡಗಳಲ್ಲಿ, ಕಲಿಕೆಯ ಗುರಿಗಳಿಗೆ ಹೊಂದಿಕೊಂಡಿದ್ದರೆ, ಉದ್ಯೋಗದ ಸ್ಥಳದ ಕೆಲಸವನ್ನೂ ಕ್ಷೇತ್ರಕಾರ್ಯವೆಂದು ಎಣಿಸಲು ಅವಕಾಶ ಕೊಟ್ಟಿದೆ. ನಮ್ಮ ಕ್ರೆಡಿಟ್ ಚೌಕಟ್ಟು ಕೂಡ ಅನುಭವದ ಕಲಿಕೆಗೆ ಬೆಲೆ ಕೊಡುವ ಮಾತನ್ನಾಡುತ್ತದೆ. ಅದೇ ಸಂಸ್ಥೆಯಲ್ಲಿ ಬೇರೆ ಮೇಲ್ವಿಚಾರಕರು, ಬೇರೆ ಜವಾಬ್ದಾರಿ, ಲಿಖಿತ ಕಲಿಕಾ ಒಪ್ಪಂದ ಎಂಬ ಷರತ್ತುಗಳನ್ನಿಟ್ಟು ಒಪ್ಪಿಕೊಳ್ಳಬಹುದು. ದುರುಪಯೋಗವಾದೀತೆಂಬ ಅಂಜಿಕೆ ನನಗೂ ಇದೆ. ಆದರೆ ಭಾನುವಾರದ ಅಂಗನವಾಡಿಗಿಂತ ದೊಡ್ಡ ದುರುಪಯೋಗ ಆಗಲಾರದು.

ಮೇಲ್ವಿಚಾರಣೆಯ ಬಗ್ಗೆ ಒಂದು ಮಾತು. ಗಂಡನ ಹೊಡೆತ ತಿಂದು ಬಂದವಳ ಮಾತನ್ನು ಶನಿವಾರ ಸಂಜೆ ಎರಡು ಗಂಟೆ ಕೇಳಿಸಿಕೊಂಡ ಇಪ್ಪತ್ಮೂರರ ಹುಡುಗಿ, ಅದನ್ನು ಎದೆಯಲ್ಲಿಟ್ಟುಕೊಂಡೇ ಮನೆಗೆ ಹೋಗಿ ಸಂಶೋಧನಾ ವಿಧಾನದ ಕ್ವಿಜ್ ಬರೆಯುತ್ತಾಳೆ. ಕಾಲೇಜಿನ ವಿದ್ಯಾರ್ಥಿಗೆ ಆ ವಾರವೇ ಅಧ್ಯಾಪಕರೊಡನೆ ಕೂತು ಅದನ್ನು ಮಾತಾಡಿ ಹಗುರಾಗಲು ಒಂದು ಗಂಟೆ ಮೀಸಲಿರುತ್ತದೆ. ನಿಮ್ಮ ವಿದ್ಯಾರ್ಥಿಗೆ ಅದು ಇಲ್ಲ. ವಾರಕ್ಕೆ ಅರ್ಧ ಗಂಟೆಯ ವೀಡಿಯೊ ಕರೆ ನಿಮ್ಮ ಪೋರ್ಟಲಿಗೆ ದೊಡ್ಡ ಹೊರೆಯಲ್ಲ. ಅದಕ್ಕೆ ಜಾಗ ಬೇಕೆಂದರೆ ಚರ್ಚೆಯ ಕಡ್ಡಾಯ ಪ್ರತಿಕ್ರಿಯೆಗಳನ್ನು ಅರ್ಧಕ್ಕಿಳಿಸಿ. "ನಾನು ನಿಮ್ಮ ಅಭಿಪ್ರಾಯವನ್ನು ಒಪ್ಪುತ್ತೇನೆ" ಎಂದು ಇಪ್ಪತ್ತು ಜನ ಬರೆದರೆ ಅದು ಚರ್ಚೆಯಾಗುವುದಿಲ್ಲ.

ಇನ್ನು ಅವಧಿ. ಎರಡು ವರ್ಷದ ಪದವಿಯನ್ನು ನಾಲ್ಕು ವರ್ಷದವರೆಗೆ ಮುಗಿಸಬಹುದೆಂಬ ಅವಕಾಶ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ಇದೆ. ಬಹುಪಾಲು ವಿದ್ಯಾರ್ಥಿಗಳು ಅದನ್ನು ನಪಾಸಾದವರ ದಾರಿಯೆಂದು ತಿಳಿದಿದ್ದಾರೆ, ಏಕೆಂದರೆ ನೀವು ಅದನ್ನು ಹಾಗೆಯೇ ಹೇಳುತ್ತೀರಿ. ಸೆಮಿಸ್ಟರಿಗೆ 10 ಕ್ರೆಡಿಟ್‌ನಂತೆ ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ. ಮೇಲೆ ಲೆಕ್ಕ ಹಾಕಿದ 19 ಗಂಟೆಯೊಳಗೆ ಅದು ಕೂರುತ್ತದೆ, ಒಂದು ವಾರ ಮಗುವಿಗೆ ಜ್ವರ ಬಂದರೂ ಮುರಿಯುವುದಿಲ್ಲ. ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಜಮೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆ 2021ರಿಂದ ಇರುವುದರಿಂದ ಗಳಿಸಿದ ಕ್ರೆಡಿಟ್ ಕಳೆದುಹೋಗುವ ಭಯವೂ ಇಲ್ಲ. ಆದ್ದರಿಂದ ಅರ್ಧ ಹೊರೆಯ ದಾರಿಯನ್ನು ಪ್ರವೇಶ ಪತ್ರದಲ್ಲೇ ಮೊದಲ ಆಯ್ಕೆಯಾಗಿ ಮುದ್ರಿಸಿ, ಶುಲ್ಕವನ್ನೂ ಅದೇ ಅನುಪಾತದಲ್ಲಿ ಪಡೆಯಬೇಕೆಂದು ಕೋರುತ್ತೇನೆ. ಶುಲ್ಕ ಪೂರ್ತಿ, ಹೊರೆ ಅರ್ಧ ಎಂದರೆ ಯಾರೂ ಆರಿಸುವುದಿಲ್ಲ.

ಇದರಲ್ಲಿ ನಿಮ್ಮದೇ ಹಿತವೂ ಇದೆ. 2025ರಲ್ಲಿ ಆಯೋಗವು ಮನಃಶಾಸ್ತ್ರ, ಆಹಾರ ಮತ್ತು ಪೌಷ್ಟಿಕತೆ ಮೊದಲಾದ ವಿಷಯಗಳನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕಲಿಸದಂತೆ ತಡೆದದ್ದು ಆರೋಗ್ಯ ವೃತ್ತಿಗಳ ಕುರಿತ 2021ರ ಕಾಯ್ದೆಯ ಹಿನ್ನೆಲೆಯಲ್ಲಿ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಅದೇ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ಮುಂದೊಂದು ದಿನ ಸಮಾಜಕಾರ್ಯದ ಸರದಿ ಬಂದಾಗ, ನಿಮ್ಮ ಕ್ಷೇತ್ರಕಾರ್ಯದ ಗಂಟೆಗಳು ನಿಜವಾದವು ಎಂದು ತೋರಿಸಲು ನಿಮ್ಮ ಬಳಿ ಇರುವುದು ನನ್ನಂಥವರು ಸಹಿ ಹಾಕಿದ ಕಡತಗಳಷ್ಟೇ. ಬಾಗಿಲು ಮುಚ್ಚಿದರೆ ಮೊದಲು ಹೊರಗುಳಿಯುವವರು ಕೆಲಸ ಬಿಟ್ಟು ಓದಲಾಗದವರು.

ಸದ್ಯಕ್ಕೆ ಮುಂದಿನ ಪ್ರವೇಶದ ಅಧಿಸೂಚನೆಯಲ್ಲಿ ಮೂರು ಸಂಗತಿಗಳನ್ನು ಸೇರಿಸಿ: ವಾರಕ್ಕೆ ಬೇಕಾಗುವ ಗಂಟೆಗಳ ಸಂಖ್ಯೆ, ಸೆಮಿಸ್ಟರಿನ ಎಲ್ಲ ಪತ್ರಿಕೆಗಳ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಪಟ್ಟಿ, ಮತ್ತು ವಿದ್ಯಾರ್ಥಿಯ ಕೆಲಸದ ವೇಳೆ ಕೇಳುವ ಆ ಒಂದು ಅಂಕಣ. ನಮ್ಮ ಸಂಸ್ಥೆಯ ಪರವಾಗಿ, ಬೆಳಗಿನ ನಾಕಾ ಕೆಲಸಕ್ಕೆ ನಾಲ್ವರನ್ನೂ ರಾತ್ರಿಯ ಬಚತ್ ಗಟ್ ಸಭೆಗಳಿಗೆ ಇಬ್ಬರನ್ನೂ ಪ್ರತಿ ಸೆಮಿಸ್ಟರ್ ತೆಗೆದುಕೊಳ್ಳಲು ನಾವು ಸಿದ್ಧರಿದ್ದೇವೆ. ಎರಡೆರಡು ಗಂಟೆಗಳನ್ನು ಕೂಡಿಸಿ ಎಣಿಸಲು ಒಪ್ಪುತ್ತೀರೆಂದು ನೀವು ಲಿಖಿತವಾಗಿ ತಿಳಿಸಿದರೆ ಸಾಕು.

ಇತಿ ನಿಮ್ಮ ವಿಶ್ವಾಸಿ,
ಕ್ಷೇತ್ರಕಾರ್ಯ ಮೇಲ್ವಿಚಾರಕಿ, ಮುಂಬಯಿ